ಕೊಳಗ ಯಾರ ಕೈಯಲ್ಲಿದೆ?

2025ನೆಯ ಇಸವಿಯ ಅಕ್ಟೋಬರ್ 14ರಂದು ಅಮೇರಿಕೆಯ ಮೈಕ್ರೋಸಾಫ್ಟ್ ಕಂಪನಿ ತನ್ನ ವಿಂಡೋಸ್ 10ರ ಆರೈಕೆಯನ್ನು ನಿಲ್ಲಿಸಿತು. ಎಲ್ಲರೂ ವಿಂಡೋಸ್ 11ಕ್ಕೆ ಬರಬೇಕೆಂದು ಸಾರಿತು. ಬರೋಣವೆಂದರೆ ಹಳೆಯ ಯಂತ್ರಗಳಿಗೆ ಅಲ್ಲಿ ಪ್ರವೇಶವಿಲ್ಲ. ಸುಮಾರಾಗಿ 2017ಕ್ಕಿಂತ ಹಿಂದೆ ತಯಾರಾದ ಗಣಕಯಂತ್ರಗಳನ್ನು ಹೊಸ ತಂತ್ರಾಂಶ ಅಧಿಕೃತವಾಗಿ ಒಪ್ಪುವುದಿಲ್ಲ. ಕೆಲವು ಶರತ್ತುಗಳ ಮೇಲೆ ಸ್ವಲ್ಪ ಕಾಲದ ಮುದ್ದತ್ತು ಕೊಟ್ಟಿದ್ದಾರೆ, ನಿಜ. ಆದರೆ ಮುದ್ದತ್ತು ಎಂದರೆ ಮುಗಿಯತಕ್ಕದ್ದೇ. ಯಂತ್ರ ಕೆಟ್ಟಿಲ್ಲ, ಕೀಲಿಮಣೆ ಸವೆದಿಲ್ಲ, ಪರದೆ ಒಡೆದಿಲ್ಲ. ಆದರೂ ಅದು ಗುಜರಿಗೆ ಹೋಗಬೇಕೆಂದು ಏಳು ಸಮುದ್ರದಾಚೆ ಕುಳಿತವರು ತೀರ್ಮಾನಿಸಿದ್ದಾರೆ.

ಇದು ಅಂಗಡಿಕಾರರ ವ್ಯವಹಾರ, ಸಮಾಜವಾದಿ ಪತ್ರಿಕೆಗೆ ಇದರ ಗೊಡವೆ ಏಕೆ ಎಂದು ಕೆಲವು ಗೆಳೆಯರು ಕೇಳಿಯಾರು. ಅವರಿಗೆ ನಮ್ಮ ಮರುಪ್ರಶ್ನೆ ಇಷ್ಟೇ. ಕಾಳಿ ನದಿಯ ದಂಡೆಯ ಕಿನ್ನರದ ರೈತನ ಪಹಣಿ ಇಂದು ಎಲ್ಲಿದೆ? ಅಂಕೋಲೆಯ ವಿಧವೆಯ ಪಿಂಚಣಿಯ ಕಾಗದ ಎಲ್ಲಿದೆ? ಮೀನುಗಾರನ ಮಗನ ಜಾತಿ ಪ್ರಮಾಣಪತ್ರ, ಅವನ ಅಂಕಪಟ್ಟಿ ಎಲ್ಲಿವೆ? ಎಲ್ಲವೂ ಗಣಕದೊಳಗಿವೆ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಗಣಕವನ್ನೇರಿದವು. ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲವಾಯಿತು. ಶಾನುಭೋಗರ ದಪ್ತರದಿಂದ ದಾಖಲೆ ಹೊರಬಂದಿತೆಂದು ನಾವೆಲ್ಲ ಸಂತೋಷಪಟ್ಟೆವು. ಆ ಸಂತೋಷ ಸುಳ್ಳಲ್ಲ. ಆದರೆ ಜನತೆಯ ದಾಖಲೆ ಒಂದು ದಪ್ತರದಿಂದ ಹೊರಬಿದ್ದು ಇನ್ನೊಬ್ಬರ ಪೆಟ್ಟಿಗೆ ಸೇರದಂತೆ ಕಾಯುವುದು ರಾಜಕೀಯದ ಕೆಲಸವಲ್ಲದೆ ಮತ್ತೇನು?

ಘಟ್ಟದ ಮೇಲಿನ ಸಾಗರ ತಾಲೂಕಿನಲ್ಲಿ 1951ರಲ್ಲಿ ನಡೆದ ಕಾಗೋಡು ಸತ್ಯಾಗ್ರಹವನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಗ್ಗೂಡಿಸಿದರು, ಶಾಂತವೇರಿ ಗೋಪಾಲಗೌಡರು ಹೋರಾಟದ ಮುಂಚೂಣಿಯಲ್ಲಿ ನಿಂತರು, ಡಾ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆದರೆ ಆ ಕಿಚ್ಚಿನ ಮೊದಲ ಕಿಡಿ ಯಾವುದು? ಒಂದು ಕೊಳಗ. ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಒಡೆಯರು ಇಟ್ಟುಕೊಂಡ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದಾಗಿತ್ತು. ಸರಿಯಾದ ಅಳತೆಯಲ್ಲಿ ಅಳೆಯಿರಿ ಎಂದು ಗೇಣಿದಾರ ಕೇಳಿದ. ಅಷ್ಟಕ್ಕೇ ಒಡೆಯರ ಕಣ್ಣು ಕೆಂಪಾಯಿತು. ಹೊಲವನ್ನು ಹಿಡಿದವನು ಒಬ್ಬ ಗೇಣಿದಾರನನ್ನು ಆಳುತ್ತಾನೆ. ಅಳತೆಯನ್ನು ಹಿಡಿದವನು ಇಡೀ ಊರನ್ನು ಆಳುತ್ತಾನೆ.

ಗಣಕದ ಲೋಕದಲ್ಲಿಯೂ ಕೊಳಗವಿದೆ. ಯಂತ್ರದೊಳಗೆ ಒಬ್ಬ ಕಾರಭಾರಿ ಇರುತ್ತಾನೆ. ಯಂತ್ರಕ್ಕೂ ನಮಗೂ ನಡುವೆ ನಿಂತು, ಯಾವ ಕೆಲಸ ನಡೆಯಬೇಕು, ಯಾವುದು ಕೂಡದು ಎಂದು ಗೊತ್ತುಮಾಡುವವನು ಅವನು. ಇವನನ್ನೇ ತಂತ್ರಜ್ಞರು ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ವಿಂಡೋಸ್ ಅಂಥ ಒಬ್ಬ ಕಾರಭಾರಿ. ಆಪಲ್ ಕಂಪನಿಯದು ಇನ್ನೊಬ್ಬ. ಫಿನ್ಲೆಂಡಿನ ಲಿನಸ್ ತೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಆರಂಭಿಸಿ, ಲೋಕದ ಸಾವಿರಾರು ಜನ ಸೇರಿ ಬೆಳೆಸಿದ ಲಿನಕ್ಸ್ ಮತ್ತೊಬ್ಬ. ಲಿನಕ್ಸಿನ ಒಳಗುಟ್ಟು ಎಲ್ಲರಿಗೂ ತೆರೆದದ್ದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಮೂವರು ಪೈಪೋಟಿಗಿದ್ದಾರೆ, ಬೇಕಾದವರನ್ನು ಆರಿಸಿಕೊಳ್ಳಿ, ಇನ್ನೇನು ದೂರು ಎಂದು ಮುಕ್ತ ಮಾರುಕಟ್ಟೆಯ ಪಂಡಿತರು ಕೇಳುತ್ತಾರೆ.

ದೂರು ಇಲ್ಲಿದೆ. ಒಬ್ಬ ಕಾರಭಾರಿಗಾಗಿ ಬರೆದ ತಂತ್ರಾಂಶ ಇನ್ನೊಬ್ಬನ ಹತ್ತಿರ ನಡೆಯುವುದಿಲ್ಲ. ಒಬ್ಬನಲ್ಲಿ ಬರೆದಿಟ್ಟ ಕಡತ ಇನ್ನೊಬ್ಬನಲ್ಲಿ ತೆರೆಯದೆ ಹೋಗಬಹುದು, ತೆರೆದರೂ ಅಕ್ಷರ ಚೆಲ್ಲಾಪಿಲ್ಲಿಯಾಗಬಹುದು. ಹೀಗಿರುವಾಗ ಜನ ಎಲ್ಲಿಗೆ ಹೋಗುತ್ತಾರೆ? ತಂತ್ರಾಂಶ ಹೆಚ್ಚು ಇರುವಲ್ಲಿಗೆ. ತಂತ್ರಾಂಶ ಬರೆಯುವವರು ಎಲ್ಲಿಗಾಗಿ ಬರೆಯುತ್ತಾರೆ? ಜನ ಹೆಚ್ಚು ಇರುವಲ್ಲಿಗೆ. ಈ ಚಕ್ರ ಒಮ್ಮೆ ತಿರುಗಿತೆಂದರೆ ಮೊದಲು ಬಂದ ಧಣಿಗೆ ಬೇಲಿ ಹಾಕುವ ಶ್ರಮವೂ ಬೇಡ. ಬೇಲಿ ತಾನಾಗಿ ಬೆಳೆಯುತ್ತದೆ.

ಇದು ಸಮಾಜವಾದಿಗಳ ಕಲ್ಪನೆಯಲ್ಲ. ಬಂಡವಾಳದ ತವರಾದ ಅಮೇರಿಕೆಯ ನ್ಯಾಯಾಲಯವೇ ಹೀಗೆ ಹೇಳಿತು. 1998ರಲ್ಲಿ ಅಲ್ಲಿಯ ಸರಕಾರ ಮೈಕ್ರೋಸಾಫ್ಟಿನ ಮೇಲೆ ಏಕಸ್ವಾಮ್ಯದ ದಾವೆ ಹೂಡಿತು. ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ 1999ರ ನವೆಂಬರಿನಲ್ಲಿ ಈ ಬೇಲಿಯ ಸ್ವರೂಪವನ್ನು ವಿವರವಾಗಿ ಬರೆದರು. ವಿಂಡೋಸಿನಲ್ಲಿ ನಡೆಯುವ ತಂತ್ರಾಂಶಗಳು 70,000ಕ್ಕೂ ಹೆಚ್ಚು. ಅದಕ್ಕೆ ಸೆಡ್ಡು ಹೊಡೆದ ಐಬಿಎಂ ಕಂಪನಿಯ ಓಎಸ್-2ಕ್ಕೆ ಅದರ ಉತ್ತಮ ಕಾಲದಲ್ಲೂ ಇದ್ದದ್ದು ಸುಮಾರು 2,500. ಐಬಿಎಂ ಬಡವನ ಅಂಗಡಿಯಲ್ಲ. ಅಷ್ಟು ದೊಡ್ಡ ಕುಳವೇ ದಾಟಲಾರದ ಬೇಲಿಯನ್ನು ಸಣ್ಣವನು ದಾಟುತ್ತಾನೆಯೆ? 2000ದಲ್ಲಿ ಕಂಪನಿಯನ್ನು ಇಬ್ಭಾಗ ಮಾಡಬೇಕೆಂದು ಅವರು ತೀರ್ಪಿತ್ತರು. 2001ರಲ್ಲಿ ಮೇಲಿನ ನ್ಯಾಯಾಲಯ ಇಬ್ಭಾಗದ ಆಜ್ಞೆಯನ್ನು ತಳ್ಳಿಹಾಕಿತು. ಆದರೆ ಕಂಪನಿ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಕಾಪಾಡಿಕೊಂಡಿತೆಂಬ ಮಾತನ್ನು ತಳ್ಳಿಹಾಕಲಿಲ್ಲ.

ಬೇಲಿ ತಾನಾಗಿ ಬೆಳೆಯದ ಕಡೆ ಮುಳ್ಳು ತಂದು ಸಿಕ್ಕಿಸಿದ್ದೂ ಉಂಟು. 1991ರ ಕೊನೆಗೆ ವಿಂಡೋಸ್ 3.1ನ್ನು ಪರೀಕ್ಷೆಗಾಗಿ ಕೆಲವರಿಗೆ ಹಂಚಿದಾಗ ಅದರಲ್ಲೊಂದು ಗುಪ್ತ ತುಣುಕು ಅಡಗಿತ್ತು. ಯಂತ್ರದಲ್ಲಿ ಡಿಜಿಟಲ್ ರಿಸರ್ಚ್ ಕಂಪನಿಯ ಡಿಆರ್-ಡಾಸ್ ಇದ್ದರೆ, ಏನೋ ದೋಷವಿದೆಯೆಂಬ ಎಚ್ಚರಿಕೆಯನ್ನು ಅದು ಪರದೆಯ ಮೇಲೆ ತೋರಿಸುತ್ತಿತ್ತು. ಕೆಲಸ ನಿಲ್ಲುತ್ತಿರಲಿಲ್ಲ, ಆದರೆ ಕೊಳ್ಳುವವನ ಮನಸ್ಸಿನಲ್ಲಿ ಅನುಮಾನದ ಬೀಜ ಬೀಳುತ್ತಿತ್ತು. ಅಂತಿಮ ಆವೃತ್ತಿಯಲ್ಲಿ ಅದನ್ನು ಬಾಯಿ ಮುಚ್ಚಿಸಿ ಕೂರಿಸಿದರು. ಈ ಬಗೆಯ ನಡೆಗಳ ವಿರುದ್ಧ 1996ರಲ್ಲಿ ಹೂಡಿದ ದಾವೆಯನ್ನು ಕಂಪನಿ 2000ದಲ್ಲಿ ಹಣ ಕೊಟ್ಟು ರಾಜಿಯಲ್ಲಿ ಮುಗಿಸಿತು. ಗೇಣಿದಾರ ತಂದ ಕೊಳಗವನ್ನು ನೋಡಿ, ಇದರ ತಳ ಸರಿಯಿಲ್ಲವೆಂದು ತೋರುತ್ತದೆ ಎಂದು ನಾಲ್ಕು ಜನರೆದುರು ಮೂಗು ಮುರಿಯುವ ಒಡೆಯನಿಗೂ ಇದಕ್ಕೂ ಏನು ಅಂತರ?

ಯುರೋಪಿನವರು ಇನ್ನೊಂದು ದಾರಿ ಹಿಡಿದರು. 2004ರಲ್ಲಿ ಯುರೋಪಿಯನ್ ಆಯೋಗ ಇದೇ ಕಂಪನಿಗೆ 49.7 ಕೋಟಿ ಯುರೋ ದಂಡ ವಿಧಿಸಿತು. ದಂಡಕ್ಕಿಂತ ದೊಡ್ಡದು ಅದರ ಜೊತೆಗಿದ್ದ ಆಜ್ಞೆ. ನಿಮ್ಮ ಯಂತ್ರಗಳು ತಮ್ಮೊಳಗೆ ಆಡುವ ಮಾತಿನ ವ್ಯಾಕರಣವನ್ನು ಪ್ರತಿಸ್ಪರ್ಧಿಗಳಿಗೂ ತಿಳಿಸಿ ಎಂದು ಅದು ಹೇಳಿತು. 2007ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಕೊನೆಗೆ, ಲಿನಕ್ಸ್ ಯಂತ್ರವೂ ವಿಂಡೋಸ್ ಯಂತ್ರವೂ ಕಡತ ಹಂಚಿಕೊಳ್ಳುವಂತೆ ಮಾಡುವ ಸಾಂಬಾ ಎಂಬ ಮುಕ್ತ ತಂತ್ರಾಂಶದವರಿಗೆ ಆ ವಿವರಗಳು ದೊರೆತವು. ಇದರಲ್ಲಿ ನಮಗೊಂದು ಪಾಠವಿದೆ. ಧಣಿಯನ್ನು ಒಡೆದು ಎರಡು ಮಾಡಿದರೆ ಇಬ್ಬರು ಧಣಿಗಳಾದಾರು. ಅಳತೆಯನ್ನು ಬಯಲಿಗೆ ತಂದರೆ ಧಣಿತನವೇ ಸಡಿಲವಾಗುತ್ತದೆ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಲೋಕದ ಎಲ್ಲ ಲಿಪಿಗಳಿಗೂ ಬೇರೆಬೇರೆ ಸ್ಥಾನ ಕೊಡುವ ಯೂನಿಕೋಡ್ ಎಂಬ ಸಂಕೇತದಲ್ಲಿ, 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಓಣಿಯಿತ್ತು. ಆದರೆ ಆ ಓಣಿಗೆ ವಿಂಡೋಸ್ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ನಡುವಿನ ಹತ್ತು ವರ್ಷ ಕನ್ನಡಿಗರು ಕೈಕಟ್ಟಿ ಕೂರಲಿಲ್ಲ. ಹತ್ತಾರು ತಂತ್ರಾಂಶಗಳು ಹುಟ್ಟಿದವು. ಪ್ರತಿಯೊಂದಕ್ಕೂ ಅದರದೇ ಗುಟ್ಟಿನ ಸಂಕೇತ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಓದಲಾಗದು. ಈ ಗೊಂದಲವನ್ನು ಕಳೆಯಲು ಸರಕಾರ ಕನ್ನಡ ಗಣಕ ಪರಿಷತ್ತಿನ ಮೂಲಕ ‘ನುಡಿ’ಯನ್ನು ತಂದು ಉಚಿತವಾಗಿ ಹಂಚಿತು. ಶೇಷಾದ್ರಿವಾಸು ಅವರ ‘ಬರಹ’ವೂ ಮನೆಮನೆ ತಲುಪಿತು. ಇವರ ಸೇವೆಯನ್ನು ಸಣ್ಣದೆನ್ನುವ ಕೃತಘ್ನತೆ ನಮಗಿಲ್ಲ.

ಆದರೆ ಆ ಕಾಲದ ಉಪಾಯ ಎಂಥದು ನೋಡಿ. ಕನ್ನಡದ ಅಕ್ಷರವನ್ನು ಇಂಗ್ಲಿಷ್ ಅಕ್ಷರದ ಪೀಠದ ಮೇಲೆ ಕೂರಿಸಿ, ಮೇಲೊಂದು ಕನ್ನಡದ ವೇಷ ತೊಡಿಸುವುದು. ನುಡಿಯ ಹಳೆಯ ಸಂಕೇತದಲ್ಲಿ ನಮ್ಮ ‘ಕ’ಕಾರದ ಮೈ ಕುಳಿತಿರುವುದು ಇಂಗ್ಲಿಷಿನ ‘ಪಿ’ ಅಕ್ಷರದ ಪೀಠದ ಮೇಲೆ. ವೇಷದ ಪೆಟ್ಟಿಗೆ, ಎಂದರೆ ಆ ಫಾಂಟು, ಯಂತ್ರದಲ್ಲಿ ಇದ್ದರೆ ಕನ್ನಡ ಕಾಣುತ್ತದೆ; ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಕಸ ಬೀಳುತ್ತದೆ. ಅಂಥ ಕಡತದಲ್ಲಿ ಒಂದು ಹೆಸರನ್ನು ಹುಡುಕಿದರೆ ಸಿಗದು, ಅಕಾರಾದಿಯಲ್ಲಿ ಜೋಡಿಸಿದರೆ ಜೋಡಣೆಯಾಗದು. ಮೇಲಾಗಿ ನುಡಿ ತಯಾರಾದದ್ದು ವಿಂಡೋಸಿಗಾಗಿ. ಸರಕಾರಿ ಕಚೇರಿಯಲ್ಲಿ ಕನ್ನಡ ಬರೆಯಬೇಕೇ? ನುಡಿ ಬೇಕು. ನುಡಿ ಬೇಕೇ? ವಿಂಡೋಸ್ ಬೇಕು. ಕನ್ನಡದ ಹೆಸರಿನಲ್ಲಿ ನಾವೇ ಕನ್ನಡಿಗನನ್ನು ಒಬ್ಬ ವಿದೇಶೀ ಧಣಿಯ ಗೇಣಿದಾರನನ್ನಾಗಿ ಮಾಡಿದೆವು. ಮುಂದೆ ನುಡಿಯೂ ಬರಹವೂ ಯೂನಿಕೋಡನ್ನು ಒಪ್ಪಿದವು. 2009ರಲ್ಲಿ ಕೇಂದ್ರ ಸರಕಾರ ಯೂನಿಕೋಡನ್ನು ಇ-ಆಡಳಿತದ ಮಾನಕವೆಂದು ಘೋಷಿಸಿತು. ಆದರೆ ಹಳೆಯ ಸಂಕೇತದಲ್ಲಿ ಬರೆದಿಟ್ಟ ಕಡತಗಳು ತಾವಾಗಿ ಮಾರ್ಪಾಡಾಗುವುದಿಲ್ಲ.

ಇದರ ರುಚಿಯನ್ನು ನಾವೇ ಉಂಡಿದ್ದೇವೆ. ಈ ಪತ್ರಿಕೆಯ ಮೊಳೆ ಜೋಡಿಸಿ ಅಚ್ಚು ಮಾಡಿದ ಕಾಲದ ಸಂಚಿಕೆಗಳು ಹಳದಿಗಟ್ಟಿದ್ದರೂ ಇಂದಿಗೂ ಓದಬರುತ್ತವೆ. ಆದರೆ ಗಣಕಕ್ಕೆ ಬಂದ ಮೊದಲ ವರ್ಷಗಳ ಸಂಚಿಕೆಗಳ ಕಡತಗಳು ನಮ್ಮಲ್ಲೇ ಇದ್ದೂ ನಮಗಿಲ್ಲ. ಆಗ ಕೊಂಡಿದ್ದ ಖಾಸಗಿ ತಂತ್ರಾಂಶಕ್ಕೆ ಯಂತ್ರದ ಬೆನ್ನಿಗೆ ಸಿಕ್ಕಿಸುವ ಒಂದು ಬೀಗವಿತ್ತು. ಆ ಬೀಗ ಸಿಕ್ಕಿಸುವ ಕಿಂಡಿ ಈಗಿನ ಯಂತ್ರಗಳಲ್ಲಿ ಇಲ್ಲ. ಹಳೆಯ ಯಂತ್ರ ಕೆಟ್ಟ ದಿನವೇ ನಮ್ಮ ಕಡತಗಳ ಬಾಗಿಲು ಮುಚ್ಚಿತು. ಬರೆದವರು ನಾವು, ಜೋಡಿಸಿದವರು ನಾವು, ಹಣ ತೆತ್ತವರೂ ನಾವು. ಓದುವ ಹಕ್ಕು ಮಾತ್ರ ನಮ್ಮದಲ್ಲ. ಒಂದು ವಾರಪತ್ರಿಕೆಯ ನಷ್ಟವನ್ನು ಊರು ಸಹಿಸಿಕೊಂಡೀತು. ಇದೇ ಗತಿ ಪಂಚಾಯತಿಯ ಠರಾವು ಪುಸ್ತಕಕ್ಕೆ, ಪುನರ್ವಸತಿಯ ಕಡತಕ್ಕೆ ಬಂದರೆ?

ಇದಕ್ಕೆ ವಿರುದ್ಧವಾದ ಒಂದು ಒಳ್ಳೆಯ ಉದಾಹರಣೆಯೂ ನಮ್ಮಲ್ಲೇ ಇದೆ. ಕೆ.ಪಿ. ರಾವ್ ಅವರು ಕನ್ನಡಕ್ಕೊಂದು ಸರಳ ಕೀಲಿಮಣೆಯ ವಿನ್ಯಾಸ ಮಾಡಿದರು. ಅದನ್ನು ತಮ್ಮ ಸ್ವತ್ತೆಂದು ಕಟ್ಟಿಡದೆ ಜನರಿಗೆ ಬಿಟ್ಟುಕೊಟ್ಟರು. ನುಡಿಯೂ ಆ ದಾರಿಯನ್ನೇ ಹಿಡಿಯಿತು. ಇಂದು ಆ ಕ್ರಮದಲ್ಲಿ ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಮೊಬೈಲಿನಲ್ಲೂ ಕನ್ನಡ ಬೆರಳಚ್ಚು ಮಾಡಬಹುದು. ಎಲ್ಲರದಾದ ವಸ್ತುವಿಗೆ ಧಣಿಗಳ ಗಡಿ ಅಡ್ಡಬರುವುದಿಲ್ಲ.

ಕಾಸರಗೋಡಿನ ಕಡೆ ನೋಡಿ. ಅಲ್ಲಿಯ ಕನ್ನಡ ಶಾಲೆಗಳು ಕೇರಳ ಸರಕಾರದ ಕೈಕೆಳಗಿವೆ. ಭಾಷೆಯ ವಿಷಯದಲ್ಲಿ ಆ ಸರಕಾರದೊಂದಿಗೆ ಕನ್ನಡಿಗರಿಗೆ ನೂರು ತಕರಾರುಗಳಿವೆ. ಅವು ನ್ಯಾಯವಾದವೂ ಹೌದು. ಆದರೆ ಒಂದು ಮಾತನ್ನು ಒಪ್ಪಲೇಬೇಕು. ಕೇರಳವು 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯನ್ನು ಕೆಲವೇ ವರ್ಷಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಹೊರಳಿಸಿತು. 2019ರ ಹೊತ್ತಿಗೆ ಅಲ್ಲಿಯ ಶಾಲೆಗಳ 2 ಲಕ್ಷಕ್ಕೂ ಹೆಚ್ಚು ಗಣಕಗಳಲ್ಲಿ ಲಿನಕ್ಸ್ ನಡೆಯುತ್ತಿತ್ತು. ಇದರಿಂದ 3,000 ಕೋಟಿ ರೂಪಾಯಿ ಉಳಿಯಿತೆಂದು ಅಲ್ಲಿಯವರ ಲೆಕ್ಕ. ಶಿಕ್ಷಕರಿಗೆ ತರಬೇತಿ ಕೊಟ್ಟರು, ತಮ್ಮ ಪಾಠಕ್ಕೆ ತಕ್ಕಂತೆ ತಂತ್ರಾಂಶವನ್ನು ತಾವೇ ತಿದ್ದಿಕೊಂಡರು. ಗಡಿಯಾಚೆಯ ಕನ್ನಡದ ಮಗು ತೆರೆದ ಯಂತ್ರದಲ್ಲಿ ಕಲಿಯುತ್ತದೆ. ಗಡಿಯ ಈಚೆ, ಕನ್ನಡದ್ದೇ ಸರಕಾರವಿರುವಲ್ಲಿ, ನಮ್ಮ ಮಕ್ಕಳಿಗೆ ಅದೇಕೆ ಸಾಧ್ಯವಾಗಬಾರದು?

ಕಾಸರಗೋಡು ದೂರವಾಯಿತೆನ್ನುವವರು ನಮ್ಮ ಅರ್ಗಾದ ಕಡೆ ತಿರುಗಿ ನೋಡಲಿ. 2005ರಲ್ಲಿ ಸೇವೆಗಿಳಿದ ಕದಂಬ ನೌಕಾನೆಲೆಗಾಗಿ ಕಾರವಾರ-ಅಂಕೋಲೆಯ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ ಗದ್ದೆ ಬಿಟ್ಟೆದ್ದವು. ದೇಶದ ರಕ್ಷಣಾ ಖಾತೆ 2023ರಲ್ಲಿ ತನ್ನ ಗಣಕಗಳಿಂದ ವಿಂಡೋಸನ್ನು ತೆಗೆದು, ಲಿನಕ್ಸಿನ ಮೇಲೆ ಕಟ್ಟಿದ ‘ಮಾಯಾ’ ಎಂಬ ವ್ಯವಸ್ಥೆಯನ್ನು ಹಾಕಲು ಹೊರಟಿತೆಂದು ಪತ್ರಿಕೆಗಳು ವರದಿ ಮಾಡಿದವು. ಪರರ ಬೀಗದ ಮೇಲೆ ದೇಶದ ಗುಟ್ಟನ್ನು ನಂಬಿ ಬಿಡಬಾರದೆಂಬ ವಿವೇಕವಿದು. ನಾವು ಇದನ್ನು ಸ್ವಾಗತಿಸುತ್ತೇವೆ. ಆದರೆ ದೇಶದ ಗುಟ್ಟಿಗೆ ಬೇಕಾದ ಸ್ವಾತಂತ್ರ್ಯ, ಆ ದೇಶಕ್ಕಾಗಿ ನೆಲ ಬಿಟ್ಟುಕೊಟ್ಟ ರೈತನ ಕಾಗದಕ್ಕೆ ಬೇಡವೇ?

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಕಾರವಾರದಂಥ ಊರಿನಲ್ಲಿ ಲಿನಕ್ಸ್ ಕೆಟ್ಟರೆ ರಿಪೇರಿ ಮಾಡುವವರು ಯಾರು ಎಂಬುದು. ಇದು ಹುರುಳಿಲ್ಲದ ಮಾತಲ್ಲ. ನಮ್ಮ ಕಚೇರಿಯ ಎರಡು ಗಣಕಗಳಲ್ಲಿ ಒಂದನ್ನು ಲಿನಕ್ಸಿಗೆ ಬದಲಾಯಿಸಿ, ಪುಟ ಜೋಡಿಸುವ ತಂತ್ರಾಂಶದ ಸಲುವಾಗಿ ಇನ್ನೊಂದನ್ನು ವಿಂಡೋಸಿನಲ್ಲೇ ಇಟ್ಟುಕೊಂಡಿದ್ದೇವೆ. ಬೇಲಿಯ ಮುಳ್ಳು ನಮಗೂ ತಾಗಿದೆ. ಆದರೆ ರಿಪೇರಿ ಕಲಿತವರು ಆಕಾಶದಿಂದ ಇಳಿಯುವುದಿಲ್ಲ. ಸರಕಾರ ಲೈಸೆನ್ಸಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ನಮ್ಮ ಐಟಿಐ, ಪಾಲಿಟೆಕ್ನಿಕ್ಕುಗಳ ಹುಡುಗರ ತರಬೇತಿಗೆ ಹಾಕಿದರೆ, ಹೊರಗೆ ಹರಿದುಹೋಗುವ ಹಣ ಕೂಲಿಯಾಗಿ ಊರಿನಲ್ಲೇ ಉಳಿಯುತ್ತದೆ.

ಎರಡನೆಯದು, ಈಗ ಎಲ್ಲರೂ ಮೊಬೈಲಿಗೆ ಹೋಗಿರುವಾಗ ಈ ಹಳೆಯ ಜಗಳವೇಕೆ ಎಂಬುದು. ಮೊಬೈಲಿನಲ್ಲಿ ಜಗಳ ಮುಗಿದಿದೆಯೆ? ಅಲ್ಲಿ ಗೂಗಲ್ಲಿನ ಆಂಡ್ರಾಯ್ಡ್, ಆಪಲ್ಲಿನ ಐಓಎಸ್, ಇಬ್ಬರೇ ಧಣಿಗಳು. 2022ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗವು ಆಂಡ್ರಾಯ್ಡಿನ ಬಲದಿಂದ ಮೊಬೈಲ್ ತಯಾರಕರ ಮೇಲೆ ಅನ್ಯಾಯದ ಶರತ್ತು ಹೇರಿದ್ದಕ್ಕಾಗಿ ಗೂಗಲ್ಲಿಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2023ರಲ್ಲಿ ಮೇಲ್ಮನವಿ ಪ್ರಾಧಿಕಾರ ದಂಡವನ್ನು ಎತ್ತಿಹಿಡಿಯಿತು. ಧಣಿಯ ಹೆಸರು ಬದಲಾಗಿದೆ, ಕೊಳಗ ಬದಲಾಗಿಲ್ಲ.

ಲೋಹಿಯಾ ಅವರು ಸಣ್ಣ ಯಂತ್ರದ ಮಾತನ್ನು ಮತ್ತೆ ಮತ್ತೆ ಆಡುತ್ತಿದ್ದರು. ಹಳ್ಳಿಯ ಮನೆಯಲ್ಲಿ ಹಿಡಿಸುವ, ಹಳ್ಳಿಯವನ ಕೈಯಳತೆಗೆ ಸಿಗುವ ಯಂತ್ರ ಬೇಕೆನ್ನುತ್ತಿದ್ದರು. ಗಾತ್ರದಲ್ಲಿ ನೋಡಿದರೆ ಆ ಯಂತ್ರ ಇಂದು ಬಂದಿದೆ, ಮೇಜಿನ ಮೇಲೆ ಕುಳಿತಿದೆ, ಜೇಬಿನಲ್ಲೂ ಇದೆ. ಆದರೆ ಬೀಗದ ಕೈ ದೂರದಲ್ಲಿದೆ. ಯಂತ್ರ ಸಣ್ಣದಾದರೆ ಸಾಲದು. ಅದರ ಯಜಮಾನಿಕೆಯೂ ಹಳ್ಳಿಗೆ ಬರಬೇಕು.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ. ಒಂದು, ಗ್ರಾಮ ಪಂಚಾಯತಿಯಿಂದ ವಿಧಾನಸೌಧದವರೆಗೆ ಪ್ರತಿಯೊಂದು ದಾಖಲೆಯೂ ಯೂನಿಕೋಡಿನಲ್ಲಿ, ಯಾವ ಯಂತ್ರದಲ್ಲಾದರೂ ತೆರೆಯುವ ಮುಕ್ತ ನಮೂನೆಯಲ್ಲಿ ಇರತಕ್ಕದ್ದು. ಹಳೆಯ ಸಂಕೇತದ ಕಡತಗಳನ್ನು ಗೊತ್ತಾದ ಅವಧಿಯಲ್ಲಿ ಮಾರ್ಪಡಿಸತಕ್ಕದ್ದು. ಎರಡು, ಜನರ ಹಣದಲ್ಲಿ ತಯಾರಾದ ತಂತ್ರಾಂಶ ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲೂ ನಡೆಯಬೇಕು, ಅದರ ಒಳಗುಟ್ಟು ಜನರಿಗೆ ತೆರೆದಿರಬೇಕು. ಮೂರು, ಸರಕಾರದ ಟೆಂಡರಿನಲ್ಲಿ ಆಗಬೇಕಾದ ಕೆಲಸವನ್ನು ಹೇಳಲಿ; ಕಂಪನಿಯ ಸರಕಿನ ಹೆಸರನ್ನಲ್ಲ. ನಾಲ್ಕು, ವಿಂಡೋಸ್ 10ರ ಆಯುಷ್ಯ ಮುಗಿಯಿತೆಂಬ ಕಾರಣಕ್ಕೆ ಶಾಲೆಯ ಒಂದೇ ಒಂದು ಒಳ್ಳೆಯ ಯಂತ್ರವನ್ನೂ ಗುಜರಿಗೆ ಹಾಕಕೂಡದು. ಲಿನಕ್ಸ್ ಹಾಕಿ ನಡೆಸಿ ನೋಡದ ಹೊರತು ಹೊಸದನ್ನು ಕೊಳ್ಳಕೂಡದು.

ಇವು ಕ್ರಾಂತಿಯ ಘೋಷಣೆಗಳಲ್ಲ. ಕೇಂದ್ರ ಸರಕಾರವೇ 2010ರಲ್ಲಿ ಮುಕ್ತ ಮಾನಕಗಳ ನೀತಿಯನ್ನೂ 2015ರಲ್ಲಿ ಮುಕ್ತ ತಂತ್ರಾಂಶಗಳ ನೀತಿಯನ್ನೂ ಪ್ರಕಟಿಸಿದೆ. ನೀತಿ ಕಾಗದದ ಮೇಲಿದೆ. ಅದನ್ನು ಕಚೇರಿಯ ಮೇಜಿಗೆ ಇಳಿಸುವವರು ಬೇಕು. 1956ರಲ್ಲಿ ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಸಂಸತ್ತು ತೂಕ-ಅಳತೆಗಳ ಕಾಯಿದೆ ಮಾಡಿತು. ಊರಿಗೊಂದು ಸೇರು, ಸಂತೆಗೊಂದು ಮಣ ಇದ್ದಲ್ಲಿ, 1958ರಿಂದ ಹಂತಹಂತವಾಗಿ ಇಡೀ ದೇಶಕ್ಕೆ ಒಂದೇ ಕಿಲೋಗ್ರಾಮು, ಒಂದೇ ಲೀಟರು ಬಂದವು. ವ್ಯಾಪಾರಿಗಳ ಪೈಪೋಟಿ ನಿಲ್ಲಲಿಲ್ಲ. ತಕ್ಕಡಿಯ ಮೋಸಕ್ಕೆ ಕಡಿವಾಣ ಬಿತ್ತು. ಅಕ್ಷರಕ್ಕೂ ದಾಖಲೆಗೂ ನಾವು ಕೇಳುವುದು ಅಷ್ಟನ್ನೇ.

ಮುಂದಿನ ಗ್ರಾಮಸಭೆಯಲ್ಲಿ ನಮ್ಮ ಸಂಗಾತಿಗಳು ಎದ್ದು ನಿಂತು ಒಂದು ಪ್ರಶ್ನೆ ಕೇಳಲಿ: ನಮ್ಮ ಊರಿನ ಕಡತ ಯಾವ ನಮೂನೆಯಲ್ಲಿದೆ, ನಾಳೆ ಕಂಪನಿ ಕೈಬಿಟ್ಟರೆ ಅದನ್ನು ತೆರೆಯುವವರು ಯಾರು? ಉತ್ತರ ಬಾರದಿದ್ದರೆ ಅದನ್ನೇ ಠರಾವಿನಲ್ಲಿ ಬರೆಯಿಸಲಿ. ಕಾಗೋಡಿನ ಗೇಣಿದಾರ ಕೇಳಿದ್ದೂ ಸಣ್ಣ ಪ್ರಶ್ನೆಯೇ. 1974ರ ಕಾನೂನು ಉಳುವವನನ್ನು ನೆಲದ ಒಡೆಯನನ್ನಾಗಿ ಮಾಡುವ ತನಕ ಅದು ಸುಮ್ಮನಾಗಲಿಲ್ಲ.